ಕಂಬಂ ಕಣಿವೆಯ ಮೊದಲ ಗೊಂಚಲು

ದಿಂಡಿಗಲ್

ದಿಂಡಿಗಲ್ಲಿನಲ್ಲಿ ಇಳಿಯುವವರಿಗೆ ಮೂರೇ ಕೆಲಸವಂತೆ: ಬೀಗ ಕೊಳ್ಳುವುದು, ಬಿರಿಯಾನಿ ತಿನ್ನುವುದು, ಕೊಡೈಕಾನಲ್ ಬಸ್ಸು ಹತ್ತುವುದು. ಮೈಸೂರಿನಿಂದ ಬಂದ ರೈಲಿನಲ್ಲಿ ನನ್ನ ಎದುರು ಕೂತಿದ್ದ ಹೆಂಗಸು ಕರೂರಿನಲ್ಲಿ ಇಳಿಯುವ ಮುನ್ನ ಇಷ್ಟು ತಿಳಿವಳಿಕೆ ಕೊಟ್ಟು ಹೋದರು. ನಾನು ಮೂರರಲ್ಲಿ ಯಾವುದಕ್ಕೂ ಬಂದವಳಲ್ಲ, ಕಂಬಂಗೆ ಹೋಗಬೇಕು ಎಂದೆ. "ಅಲ್ಲಿ ಯಾರಿದ್ದಾರೆ?" ಎಂದರು. "ನೆಂಟರು" ಎಂದೆ. ಐವತ್ತಾರು ವರ್ಷದ ಮನೋವೈದ್ಯೆ, ಬೇರೆಯವರ ಸುಳ್ಳು ಹಿಡಿಯುವುದೇ ತನ್ನ ಕಸುಬು ಎಂದುಕೊಂಡವಳು, ಬೆಳಗಿನ ಕಾಫಿಗೂ ಮುಂಚೆ ಒಂದು ಸುಳ್ಳು ಹೇಳಿ ಮುಗಿಸಿದ್ದೆ.

ನಾನು ಹೊರಟಿದ್ದೇ ಒಂದು ಹಳೆಯ ಸುಳ್ಳನ್ನು ಹಿಂದಕ್ಕೆ ಪಡೆಯಲು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಪ್ರವಾಸಕ್ಕೆ ತಲೆಬುಡ ಇರುವುದಿಲ್ಲ.

ನಾನು ಕೆಲಸ ಮಾಡುವುದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ತೊಂದರೆಯ ಮೇಲೆ. ಹೆಸರು ಕೇಳಿ ಹೆದರಬೇಡಿ, ಹೆಸರಿಟ್ಟವರಿಗೂ ಅದು ಪೂರ್ತಿ ಅರ್ಥವಾಗಿರಲಿಲ್ಲ. ಯಾರಾದರೂ ಫೋನ್ ಎತ್ತದಿದ್ದರೆ ನಾವು "ಬಿಡುವಿಲ್ಲವೇನೋ" ಎಂದುಕೊಂಡು ಸುಮ್ಮನಾಗುತ್ತೇವೆ. ಈ ತೊಂದರೆ ಇರುವವರಿಗೆ ಅದೇ ಸಣ್ಣ ಸಂಗತಿ ನಡುನೀರಿನಲ್ಲಿ ಕೈಬಿಟ್ಟಂತೆ. ನೋವು ತಡೆಯಲಾರದೆ ಬೈಯುತ್ತಾರೆ, ಕಾಲು ಹಿಡಿಯುತ್ತಾರೆ, ಕೆಲವರು ತಮ್ಮ ಮೈಯನ್ನೇ ನೋಯಿಸಿಕೊಳ್ಳುತ್ತಾರೆ. ಮನೆಯವರು ನಾಟಕ ಅನ್ನುತ್ತಾರೆ. ನಾಟಕವಲ್ಲ, ಆ ಹೊತ್ತಿನಲ್ಲಿ ಮಿದುಳಿನೊಳಗೆ ಏನೋ ನಿಜಕ್ಕೂ ನಡೆಯುತ್ತದೆ ಎಂದು ತೋರಿಸಿಕೊಡಬೇಕೆಂಬುದು ನನ್ನ ಹಟ.

ಅದಕ್ಕೆ ನಮ್ಮಲ್ಲೊಂದು ಆಟವಿದೆ. ಸ್ಕ್ಯಾನ್ ಯಂತ್ರದೊಳಗೆ ಮಲಗಿದವರಿಗೆ ಪರದೆಯ ಮೇಲೆ ಮೂರು ಬೊಂಬೆಗಳು ಕಾಣುತ್ತವೆ. ಒಂದು ಬೊಂಬೆ ಅವರು. ಇನ್ನೆರಡನ್ನು ಪಕ್ಕದ ಕೋಣೆಗಳಲ್ಲಿ ಕೂತ ಪ್ರಿಯಾ ಮತ್ತು ಅರುಣ್ ಆಡಿಸುತ್ತಿದ್ದಾರೆ ಎಂದು ನಾವು ಹೇಳುತ್ತೇವೆ. ಚೆಂಡು ಮೂವರ ನಡುವೆ ಓಡಾಡುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಪ್ರಿಯಾ ಅರುಣ್‌ಗೆ ಎಸೆಯುತ್ತಾಳೆ, ಅರುಣ್ ಪ್ರಿಯಾಗೆ. ಮೂರನೆಯವರ ಕಡೆ ಚೆಂಡು ಬರುವುದೇ ಇಲ್ಲ. ಆಗ ಮಿದುಳಿನಲ್ಲಿ ಏನಾಗುತ್ತದೆಂದು ನಾವು ನೋಡುತ್ತೇವೆ. ಪ್ರಿಯಾನೂ ಇಲ್ಲ, ಅರುಣೂ ಇಲ್ಲ, ಎರಡೂ ಕಂಪ್ಯೂಟರು. ಎಲ್ಲ ಮುಗಿದ ಮೇಲೆ ಆಡಿದವರನ್ನು ಕೂರಿಸಿಕೊಂಡು ಈ ನಿಜವನ್ನು ಹೇಳಲೇಬೇಕು, ಅದು ಕಟ್ಟುನಿಟ್ಟಾದ ನಿಯಮ. ನಾನು ಒಬ್ಬಳಿಗೆ ಹೇಳಲಿಲ್ಲ.

ಅವಳ ಹೆಸರು ಈಶ್ವರಿ. ಕಂಬಂ ಹತ್ತಿರದ ಹಳ್ಳಿಯವಳು. ನಾಲ್ಕು ವರ್ಷದ ಹಿಂದೆ, ಬೋಡಿನಾಯಕನೂರಿನಿಂದ ಏಲಕ್ಕಿ ತರಿಸಿ ಮೈಸೂರಿನಲ್ಲಿ ಮಾರುವ ಸೋದರಮಾವನ ಮನೆಯಲ್ಲಿದ್ದುಕೊಂಡು ನಮ್ಮಲ್ಲಿಗೆ ಚಿಕಿತ್ಸೆಗೆ ಬರುತ್ತಿದ್ದಳು. ಆಗ ಇಪ್ಪತ್ತೆರಡು ವಯಸ್ಸು. ಅವರ ಮನೆಮಾತು ಕನ್ನಡವೇ, ಯಾವ ಕಾಲದಲ್ಲೋ ಆ ಕಡೆ ಹೋಗಿ ನೆಲೆಸಿದ ಒಕ್ಕಲುತನದ ಮಂದಿ. ಮಾತು ಕನ್ನಡ, ಓದುಬರಹ ತಮಿಳು. ಮೊದಲ ಸ್ಕ್ಯಾನ್ ಆಯಿತು, ಆರು ತಿಂಗಳ ಮೇಲೆ ಎರಡನೆಯದು ಇತ್ತು. ಅಷ್ಟರಲ್ಲಿ ಮಾವನಿಗೂ ಅವಳಿಗೂ ಜಗಳವಾಗಿ, ಅವಳು ಊರಿಗೆ ಹೋದಳು. ಆಗಲೇ ಫೋನ್ ಮಾಡಿ ನಿಜ ಹೇಳಬಹುದಿತ್ತು. ಹೇಳಿದರೆ ಎರಡನೆಯ ಸ್ಕ್ಯಾನ್ ಕೆಡುತ್ತದೆ, ಬಂದೇ ಬರುತ್ತಾಳೆ, ಆಗ ಹೇಳೋಣ ಎಂದು ಬಾಯಿ ಮುಚ್ಚಿಕೊಂಡೆ. ಅವಳು ಬರಲಿಲ್ಲ. ನನ್ನ ಅಧ್ಯಯನದ ನಕ್ಷೆಯಲ್ಲಿ ಅವಳ ಮೊದಲ ಸ್ಕ್ಯಾನಿನ ಒಂದು ಚುಕ್ಕೆ ಮಾತ್ರ ಉಳಿಯಿತು.

ಈ ವರ್ಷ ಪಾಠದ ನಡುವೆ ಒಬ್ಬಳು ವಿದ್ಯಾರ್ಥಿನಿ, "ಮೇಡಂ, ಆಟ ಸುಳ್ಳು ಅಂತ ಎಲ್ಲರಿಗೂ ಹೇಳಿದ್ರಾ?" ಎಂದು ಕೇಳಿದಳು. "ಎಲ್ಲರಿಗೂ" ಎಂದೆ. ಪಾಪದ ಹುಡುಗಿ ಮತ್ತೇನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದಿದ್ದರೂ ನಾನೇ "ಒಬ್ಬರನ್ನೂ ಬಿಟ್ಟಿಲ್ಲ" ಎಂದು ಇನ್ನೊಮ್ಮೆ ಸೇರಿಸಿದೆ. ಆ ವಾರವೇ ಟಿಕೆಟ್ ಮಾಡಿಸಿದೆ.

ತೇನಿ

ದಿಂಡಿಗಲ್ಲಿನಿಂದ ತೇನಿಗೆ ಹೊರಟ ಬಸ್ಸಿನಲ್ಲಿ ಮೊದಲ ಅವಮಾನವಾಯಿತು. ನಮ್ಮಲ್ಲಿ ಸರ್ಕಾರಿ ಬಸ್ಸು ಹತ್ತಿದ ಹೆಂಗಸರ ಕೈ ತಾನಾಗಿ ಆಧಾರ್ ಕಾರ್ಡನ್ನು ಚಾಚುತ್ತದೆ, ಉಚಿತ ಚೀಟಿ ಬರುತ್ತದೆ. ಕಂಡಕ್ಟರ್ ಹತ್ತಿರ ಬಂದಾಗ ನನ್ನ ಕೈಯೂ ಚಾಚಿತು. ಆತ ಕಾರ್ಡು ತೆಗೆದುಕೊಂಡು, ಫೋಟೋವನ್ನು ನೋಡಿ, ನನ್ನನ್ನು ನೋಡಿ, "ಫೋಟೋ ನಲ್ಲಾ ಇರುಕ್ಕುಮ್ಮಾ. ಟಿಕೆಟ್ ಎಡುಂಗ" ಎಂದ. ಫೋಟೋ ಚೆನ್ನಾಗಿದೆಯಂತೆ, ಟಿಕೆಟ್ ಮಾತ್ರ ತೆಗೆದುಕೊಳ್ಳಬೇಕಂತೆ. ಇಲ್ಲಿ ಊರೊಳಗಿನ ಬಸ್ಸು ಹೆಂಗಸರಿಗೆ ಉಚಿತ, ಅದಕ್ಕೆ ಯಾವ ಕಾರ್ಡೂ ಬೇಡ, ದೂರದ ಬಸ್ಸಿಗೆ ಮಾತ್ರ ಯಾವ ಕಾರ್ಡೂ ನಡೆಯುವುದಿಲ್ಲ ಎಂದು ಪಕ್ಕದಾಕೆ ವಿವರಿಸಿದಳು. ಹಿಂದಿನ ಸೀಟಿನವರಿಗೂ ಅವಳೇ ಹೇಳಿದಳು. ತೇನಿ ಬರುವಷ್ಟರಲ್ಲಿ ಇಡೀ ಬಸ್ಸಿಗೆ ನಾನು "ಆಧಾರ್ ಅಮ್ಮ" ಆಗಿದ್ದೆ.

ವತ್ತಲಗುಂಡು ದಾಟಿದ ಮೇಲೆ ಕೊಡೈಕಾನಲ್‌ನ ರಸ್ತೆ ಬಲಕ್ಕೆ ಏರುತ್ತದೆ. ಟೋಪಿ, ಸ್ವೆಟರು ಹಿಡಿದವರೆಲ್ಲ ಅಲ್ಲಿ ಇಳಿದು ಬೇರೆ ಬಸ್ಸಿಗೆ ಕಾದು ನಿಂತರು. ನಮ್ಮ ಬಸ್ಸಿನಲ್ಲಿ ಉಳಿದದ್ದು ಬಾಳೆಎಲೆಯ ಕಂತೆ, ಗೊಬ್ಬರದ ಚೀಲ, ನಾನು. ಎರಡೂ ಕಡೆ ಬೆಟ್ಟ, ನಡುವೆ ಗಾಳಿ. ಇಲ್ಲಿಯ ಗಾಳಿಗೆ ಮರ್ಯಾದೆ ಇಲ್ಲ. ನಮ್ಮ ಚಾಮುಂಡಿಬೆಟ್ಟದ ಗಾಳಿ ಸೆರಗನ್ನು ಸ್ವಲ್ಪ ಸರಿಸಿ ಹೋಗುತ್ತದೆ, ಇದು ಸೀರೆಯನ್ನೇ ಕೇಳುತ್ತದೆ.

ತೇನಿ ನಿಲ್ದಾಣದಲ್ಲಿ ಕಂಬಂ ಬಸ್ಸಿಗೆ ಕಾಯುತ್ತ ಕೂತಿದ್ದಾಗ ದ್ರಾಕ್ಷಿ ಬುಟ್ಟಿಯವಳು ಬಂದಳು. ಕಂಬಂನ ಪನ್ನೀರ್ ದ್ರಾಕ್ಷಿ. ಕಪ್ಪು, ಬೀಜವಿರುವಂಥದ್ದು, ಒತ್ತಿದರೆ ತಿರುಳು ಸಿಪ್ಪೆಯಿಂದ ಜಾರಿ ಬಾಯಿಗೆ ಬೀಳುತ್ತದೆ, ಪನ್ನೀರಿನ ವಾಸನೆ ಬರುತ್ತದೆ. ಆ ರುಚಿ ನನಗೆ ಹೊಸತಲ್ಲ. ಈಶ್ವರಿ ಊರಿಗೆ ಹೋದ ಮೇಲೆ ವರ್ಷಕ್ಕೊಂದರಂತೆ ಮೂರು ಸಲ ನಮ್ಮ ವಿಭಾಗಕ್ಕೆ ದ್ರಾಕ್ಷಿಯ ಪೆಟ್ಟಿಗೆ ಬಂದಿತ್ತು. ಪೆಟ್ಟಿಗೆಯ ಮೇಲೆ ನನ್ನ ಹೆಸರು, ಒಳಗೆ ತಮಿಳಿನಲ್ಲಿ ಬರೆದ ಒಂದು ಚೀಟಿ. ಮೊದಲ ಸಲ ನನ್ನ ಸಹಾಯಕ ಸೆಂದಿಲ್‌ಗೆ ಚೀಟಿ ತೋರಿಸಿದೆ. ಅವನು ಮಧುರೈ ಕಡೆಯವನು, ಆಗಿನ್ನೂ ಕನ್ನಡ ಬಾರದು, ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಎರಡು ಸಾಲು ನೋಡಿ, "ಅಕ್ಷರ ತಮಿಳು ಮೇಡಂ, ಮಾತು ತಮಿಳಲ್ಲ. ಏನೋ ಗೊತ್ತಾಗ್ತಿಲ್ಲ" ಎಂದ. ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದಿದ್ದಾಳೆ ಎಂದು ನನಗೆ ಹೊಳೆಯಬೇಕಿತ್ತು. ಗಟ್ಟಿಯಾಗಿ ಓದು ಎಂದಿದ್ದರೆ ಸಾಕಿತ್ತು, ಅರ್ಥ ನನಗೇ ಆಗುತ್ತಿತ್ತು. ನನ್ನ ಬಾಯಿ ತುಂಬ ದ್ರಾಕ್ಷಿ ಇತ್ತು. "ಥ್ಯಾಂಕ್ಸ್ ಅಂತ ಬರೆದಿರ್ತಾಳೆ ಬಿಡು" ಎಂದೆ. ಮುಂದಿನ ಎರಡು ಚೀಟಿಗಳನ್ನು ಯಾರಿಗೂ ತೋರಿಸಲಿಲ್ಲ.

ಉಪಕಾರ ನೆನೆದು ಕಳಿಸಿದ ಹಣ್ಣು ಎಂದೇ ತಿಂದೆ. ಒಂದು ಫೋನಾದರೂ ಮಾಡಿ ಬಂತು ಎಂದು ಹೇಳಬೇಕಿತ್ತು. ಫೋನ್ ಮಾಡಿದರೆ ಆಟದ ವಿಷಯ ಹೇಳಬೇಕಾಗುತ್ತದಲ್ಲ ಎಂದು ಅದನ್ನೂ ಮಾಡಲಿಲ್ಲ.

ಈ ಸಲ ಹೊರಡುವ ಮೊದಲು ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಮಾಡಿದೆ. ಈಶ್ವರಿಯೇ ಎತ್ತಿದಳು. "ಅಕ್ಕಾ!" ಎಂದು ಕೂಗಿದ್ದು ಕಿವಿಯಲ್ಲಿ ಉಳಿದಿದೆ. "ಬೆಸ್ತವಾರ ಬನ್ನಿ ಅಕ್ಕಾ. ಅಂದು ಮೊದಲ್ ಕೊಯ್ಲು. ಕರೆಕ್ಟಾ ಬಂದ್ರಿ ಪಾರುಂಗ" ಎಂದಳು, ನೋಡಿ ಎನ್ನುವ ತಮಿಳು ಮಾತನ್ನು ಕನ್ನಡಕ್ಕೆ ಸೇರಿಸಿ. ನಾನು ಬರುತ್ತಿರುವುದು ಏಕೆಂದು ಕೇಳಲಿಲ್ಲ.

ಕಂಬಂ, ಬೆಸ್ತವಾರ

ಕಂಬಂ ನಿಲ್ದಾಣದಿಂದ ಅವಳ ಹಳ್ಳಿಗೆ ಶೇರ್ ಆಟೋ. ಮೂರು ಜನ ಕೂರುವಲ್ಲಿ ಏಳು ಜನ ಕೂತೆವು, ಎಂಟನೆಯದಾಗಿ ಒಂದು ತೆಂಗಿನ ಸಸಿ. ದಾರಿಯ ಎರಡೂ ಕಡೆ ದ್ರಾಕ್ಷಿಯ ಚಪ್ಪರ. ಕಲ್ಲುಕಂಬಗಳ ಮೇಲೆ ತಂತಿ ಎಳೆದು ಬಳ್ಳಿ ಹಬ್ಬಿಸಿರುತ್ತಾರೆ. ಬಿಸಿಲು ಮೇಲೆಯೇ ನಿಲ್ಲುತ್ತದೆ, ಕೆಳಗೆ ಹಸಿರು ಕತ್ತಲೆ.

ಈಶ್ವರಿ ರಸ್ತೆಗೇ ಬಂದು ನಿಂತಿದ್ದಳು. ಸೀರೆಯ ಮೇಲೆ ಗಂಡಸರ ಅಂಗಿ, ಇಲ್ಲಿ ತೋಟದ ಕೆಲಸಕ್ಕೆ ಹೆಂಗಸರೆಲ್ಲ ಹೀಗೇ. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದಳು. ನಾಲ್ಕು ವರ್ಷದ ಹಿಂದೆ, ಗಾಯದ ಗುರುತು ಕಾಣಬಾರದೆಂದು ಏಪ್ರಿಲ್ ಸೆಖೆಯಲ್ಲೂ ಮಡಚದ ತೋಳು ಅದು. ಅವಳು ನನ್ನ ಕೈಹಿಡಿದವಳು ಮನೆ ತಲುಪುವ ತನಕ ಬಿಡಲಿಲ್ಲ.

ಮನೆಯಲ್ಲಿ ಅವಳ ಅಜ್ಜಿ ಇದ್ದರು, ತೋಟದ ಯಜಮಾನಿ ಅವರೇ. ಈಶ್ವರಿ ಅವರನ್ನು ಅವ್ವ ಎನ್ನುತ್ತಿದ್ದಳು, ನಾನೂ ಹಾಗೇ ಕರೆದೆ. ನಾನು ಮೈಸೂರಿನ ಕನ್ನಡದಲ್ಲಿ ಕ್ಷೇಮಸಮಾಚಾರ ವಿಚಾರಿಸಿದೆ. ಅವ್ವ ಮೊಮ್ಮಗಳ ಕಡೆ ತಿರುಗಿ, "ಇವ್ರು ಏನ್ ಪೇಸ್ತಾರೆ? ತೆಲುಂಗಾ?" ಎಂದರು, ನಾನು ಮಾತಾಡುತ್ತಿರುವುದು ತೆಲುಗೇ ಎಂದು. ನನ್ನ ಕನ್ನಡದ ಅಭಿಮಾನ ಅಲ್ಲೇ ನೆಲಕ್ಕೆ ಬಿತ್ತು. ಆಮೇಲೆ, "ಹಿಟ್ಟು ಉಣ್ತೀಯಾ ತಾಯಿ?" ಎಂದರು. ರಾಗಿಮುದ್ದೆಗೆ ನನ್ನ ತಾಯಿಯ ತವರಿನಲ್ಲಿ ಹಿಟ್ಟು ಎನ್ನುತ್ತಿದ್ದರು, ಆ ಮಾತು ಕೇಳಿ ನಲವತ್ತು ವರ್ಷವಾಗಿತ್ತು. ಹುರುಳಿಸಾರಿನ ಜೊತೆ ಎರಡು ಉಂಡೆ ಮುಗಿಸಿದೆ. ನಮ್ಮಿಬ್ಬರ ಭಾಷೆ ಅಲ್ಲಿಗೆ ಒಂದಾಯಿತು.

ಊಟದ ಮೇಲೆ ತೋಟಕ್ಕೆ ಹೋದೆವು. ಚಪ್ಪರ ಹೊಕ್ಕ ಮೊದಲ ಹೆಜ್ಜೆಗೇ ಹಣೆ ತಂತಿಗೆ ಬಡಿಯಿತು. ಮೂರನೆಯ ಹೆಜ್ಜೆಗೆ ಇನ್ನೊಮ್ಮೆ. ಈ ಊರಿನವರು ಬಯಲಿನಲ್ಲೂ ಸ್ವಲ್ಪ ಕತ್ತು ಬಗ್ಗಿಸಿಯೇ ನಡೆಯುತ್ತಾರೆ, ಸೌಜನ್ಯ ಎಂದುಕೊಂಡಿದ್ದೆ, ಕಾರಣ ಈಗ ತಿಳಿಯಿತು. ಒಂದು ಗೊಂಚಲನ್ನು ಆಸೆಯಿಂದ ಕೈಯಲ್ಲಿ ಹಿಡಿದೆ. "ಅಯ್ಯೋ ಅಕ್ಕಾ, ತೊಟ್ಟು ಹಿಡೀರಿ! ಹಣ್ಣು ಮುಟ್ಟಿದ್ರೆ ಬೂದಿ ಹೋಯ್ತದೆ" ಎಂದು ಈಶ್ವರಿ ಗದರಿದಳು. ದ್ರಾಕ್ಷಿಯ ಮೈಮೇಲೆ ಬೂದಿಯಂಥ ಒಂದು ಪೊರೆ ಇರುತ್ತದೆ, ಬೆರಳು ತಗುಲಿದರೆ ಅಳಿಸಿಹೋಗುತ್ತದೆ. ಅಳಿಸಿದ ಹಣ್ಣನ್ನು ವ್ಯಾಪಾರಿ ಹಳೆಯದು ಅನ್ನುತ್ತಾನೆ. ನನ್ನ ಐದು ಬೆರಳಿನ ಗುರುತು ಆ ಗೊಂಚಲಿನ ಮೇಲೆ ಕಪ್ಪಗೆ ಮೂಡಿತ್ತು.

ಅವಳು ಮೊದಲ ಎರಡು ಗೊಂಚಲನ್ನು ಕತ್ತರಿಸಿ ಬಾಳೆಎಲೆಯ ಮೇಲಿಟ್ಟಳು, ಅವ್ವ ಕರ್ಪೂರ ಹಚ್ಚಿದರು. ಆಮೇಲೆ ಈಶ್ವರಿ ಅವನ್ನು ಎರಡು ಬಿಳಿ ಬಟ್ಟೆಯಲ್ಲಿ ಬೇರೆ ಬೇರೆ ಗಂಟು ಕಟ್ಟಿದಳು.

"ಈ ಸಾರಿ ಪಾರ್ಸಲ್ ಬ್ಯಾಡ. ನೀವೇ ಬಂದ್ರಲ್ಲ, ಕೈಯಾಗೇ ಕೊಟ್ಬಿಡಿ."

"ಯಾರಿಗೆ?"

"ಪ್ರಿಯಾಗೂ ಅರುಣ್‌ಗೂ. ಚೆನ್ನಾಗವ್ರಾ ಅಕ್ಕಾ ಅವ್ರು?"

ಒಂದು ಕ್ಷಣ ಯಾರೆಂದು ನೆನಪಾಗಲಿಲ್ಲ. ಆಮೇಲೆ ಪರದೆಯ ಮೇಲಿನ ಆ ಎರಡು ಬೊಂಬೆಗಳು ನೆನಪಾದವು.

ಅವ್ವ ನನಗೆ ಗೊತ್ತೇ ಇದೆ ಎಂಬಂತೆ ಮಾತು ಮುಂದುವರಿಸಿದರು. ಅವರ ಮನೆತನದಲ್ಲಿ ಹಿಂದಿನಿಂದ ಒಂದು ನಡೆ ಇದೆಯಂತೆ. ಯಾರಾದರೂ ಮಾತು ಬಿಟ್ಟರೆ ತಪ್ಪು ಯಾರದೆಂದು ಕೇಳುವ ಹಾಗಿಲ್ಲ. ತೋಟದ ಮೊದಲ ಫಲ ಆ ಮನೆಗೆ ಹೋಗಬೇಕು. ಅವರು ವಾಪಸು ಕಳಿಸಿದರೆ ಮುಂದಿನ ವರ್ಷ ಮತ್ತೆ ಕಳಿಸಬೇಕು. ತಿಂದರೆ ಜಗಳ ಮುಗಿಯಿತು.

"ನಂಗೂ ನಮ್ ನಾದಿನಿಗೂ ಹನ್ನೊಂದು ವರ್ಷ ಸಂಡೆ, ಜಗಳ. ಕಾಲುವೆ ಆಚೆ ಅವ್ಳ ಮನೆ, ದಿನಾ ಮುಖ ಕಾಣ್ತದೆ, ಪೇಚ್ಚಿಲ್ಲ, ಮಾತಿಲ್ಲ. ಹನ್ನೊಂದ್ ವರ್ಷ ಕಳಿಸ್ದೆ ತಾಯಿ. ಹನ್ನೆರಡನೇ ವರ್ಷ ತಿಂದ್ಲು. ತಿಂದೋರು ಮಾತಾಡ್ಬೇಕು, ಅದು ಕಟ್ಟು. ಸಾಯಂಕಾಲ ಬಂದು ಬಾಗ್ಲಾಗೆ ನಿಂತ್ಲು. 'ಹಣ್ಣು ಪುಳಿಪ್ಪು' ಅಂದ್ಲು!" ಹುಳಿ ಎಂದಳಂತೆ. ಅವ್ವ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

ನಮ್ಮಲ್ಲಿ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬಾಯಲ್ಲಿ ಹೇಳಿ ಮುಗಿಸುತ್ತೇವೆ. ಇವರು ಹಣ್ಣನ್ನೇ ಹಾಕಿಸುತ್ತಾರೆ.

ಈಶ್ವರಿ ಕತ್ತರಿ ಆಡಿಸುತ್ತಲೇ ಹೇಳಿದಳು. "ಆ ಆಟದಾಗೆ ನಾನು ಒಂದ್ ಸಾರಿ ಬೇಕೂಂತ ಚೆಂಡು ಪ್ರಿಯಾಗೆ ಕೊಡ್ದೆ ಅರುಣ್‌ಗೇ ಕೊಟ್ಟೆ ಅಕ್ಕಾ. ಅದುಕ್ಕೇ ಅವ್ಳಿಗೆ ಕೋಪ ಬಂತು, ಇಬ್ರೂ ಸೇರಿ ನನ್ನ ಬಿಟ್ರು. ಊರಿಗೆ ಬಂದ್ ಮೇಲೆ ಒಂದ್ ವರ್ಷ ಅದೇ ನೆನೆಪು. ಮಾವನ್ನ ನೆನೆಸ್ಲಿಲ್ಲ, ಅದುನ್ನ ನೆನೆಸ್ದೆ. ಮುಖಾನೇ ಕಾಣದೋರು ಕೂಡ ನನ್ನ ಬಿಡ್ತಾರೆ ಅಂದ್ರೆ ನಂದ್ರಾಗೇ ಏನೋ ಐತೆ ಅಂತ. ಆಮೇಲೆ ಅವ್ವ ಹೇಳಿದ್ರು, ಹಣ್ಣು ಕಳ್ಸು ಅಂತ. ಅವ್ರಿಬ್ರಿಗೂ ಕೊಡಿ ಅಂತ ನಿಮ್ಗೆ ಚೀಟಿ ಬರ್ದು ಹಾಕ್ದೆ. ವಾಪಸ್ ಬರ್ಲಿಲ್ಲ. ತಿಂದ್ಬಿಟ್ರು!" ಎಂದು ನನ್ನ ಕಡೆ ತಿರುಗಿ ನಕ್ಕಳು. "ದೂರ ಅಲ್ವಾ, ಬಂದು ಪೇಸಕ್ಕೆ ಆಗಲ್ಲ. ಪರ್ವಾಗಿಲ್ಲ. ತಿಂದ್ರಲ್ಲ, ಅದೇ ಸಾಕು. ಅದುಕ್ಕೇ ವರ್ಷಾ ವರ್ಷಾ ಕಳಿಸ್ತೀನಿ. ಆಮೇಲೆ ಯಾರಾನಾ ಫೋನ್ ಎತ್ತಿಲ್ಲ ಅಂದ್ರೂ, ಇರ್ಲಿ, ಪ್ರಿಯಾನೇ ತಿಂದ್ಲು ಅಂದುಕೋತೀನಿ."

ನಾನು ಎಷ್ಟೋ ವರ್ಷದಿಂದ ಚಿಕಿತ್ಸೆಗಳ ಬಗ್ಗೆ ಬರೆಯುತ್ತಿದ್ದೇನೆ. ಈ ಚಿಕಿತ್ಸೆ ಯಾವುದರಲ್ಲೂ ಇಲ್ಲ. ಇಲ್ಲದ ಇಬ್ಬರು ತನ್ನನ್ನು ಕ್ಷಮಿಸಿದರು ಎಂಬ ನಂಬಿಕೆಯ ಮೇಲೆ ಒಬ್ಬ ಹುಡುಗಿ ಎದ್ದು ನಿಂತಿದ್ದಳು. ಅದನ್ನು ಕೀಳಲು ನಾನು ಟಿಕೆಟ್ ಮಾಡಿಸಿ ಬಂದಿದ್ದೆ. ಆ ದಿನ ಬಾಯಿ ಬಿಡಲಿಲ್ಲ. ತಂತಿ ಬಡಿದು ಊದಿದ ಹಣೆಗೆ ಅವ್ವ ಸುಣ್ಣ ಅರಿಶಿನ ಹಚ್ಚಿದರು. ಕಂಬಂನ ಲಾಡ್ಜಿಗೆ ಮರಳಿದೆ.

ಕಂಬಂ, ಶುಕ್ರವಾರ

ಬೆಳಿಗ್ಗೆ ಲಾಡ್ಜಿನ ಕೆಳಗಿನ ಅಂಗಡಿಯಲ್ಲಿ ಟೀ ಕುಡಿಯುತ್ತ ನನ್ನೊಂದಿಗೇ ವಾದ ಮಾಡಿದೆ. ಹೇಳದೆ ಹೋದರೆ ಎರಡು ಗಂಟು ಹೊತ್ತುಕೊಂಡು ಹೋಗಬೇಕು, ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ. ಒಂದಲ್ಲ ಒಂದು ದಿನ ಅವಳು ಮೈಸೂರಿಗೆ ಬಂದು ಪ್ರಿಯಾಳನ್ನು ತೋರಿಸಿ ಎನ್ನುತ್ತಾಳೆ. ಹೇಳಿದರೆ ಏನಾಗುತ್ತದೋ, ಅದೂ ನನಗೆ ಗೊತ್ತಿತ್ತು. ಅದರ ಮೇಲೇ ಅಲ್ಲವೇ ನನ್ನ ಇಡೀ ಕೆಲಸ. ಆದರೂ ಹೇಳಬೇಕೆಂದು ತೀರ್ಮಾನಿಸಿದೆ. ಅವಳಿಗಾಗಿ ಎಂದುಕೊಂಡೆ. ಈಗ ಯೋಚಿಸಿದರೆ, ಹೇಳಿ ಹಗುರಾಗುವ ಆತುರ ನನ್ನದೇ ಇತ್ತು.

ತೋಟದಲ್ಲಿ ಅವಳು ಮಾರುಕಟ್ಟೆಗೆ ಹೋಗುವ ಕೊಯ್ಲಿನಲ್ಲಿದ್ದಳು. ಪಕ್ಕದಲ್ಲಿ ಪ್ಲಾಸ್ಟಿಕ್ ಕ್ರೇಟು. ನಾನು ಕತ್ತು ಬಗ್ಗಿಸಿಯೇ ಒಳಗೆ ಹೋದೆ.

"ಈಶ್ವರಿ, ಪ್ರಿಯಾ ಅರುಣ್ ಇಲ್ಲ."

"ಊರಿಗೆ ಹೋಗವ್ರಾ?"

"ಎಲ್ಲೂ ಇಲ್ಲ. ಅವರು ಮನುಷ್ಯರೇ ಅಲ್ಲ. ಕಂಪ್ಯೂಟರ್. ಯಾವಾಗ ಚೆಂಡು ಕೊಡಬಾರದು ಅಂತ ನಾವೇ ಅದಕ್ಕೆ ಹೇಳಿಟ್ಟಿರ್ತೀವಿ. ನೀನು ಯಾರಿಗೆ ಎಸೆದಿದ್ರೂ ಹಾಗೇ ಆಗ್ತಿತ್ತು. ನಿನ್ನ ತಪ್ಪು ಏನೂ ಇರಲಿಲ್ಲ."

ಅವಳು ಇನ್ನೂ ಮೂರು ಗೊಂಚಲು ಕತ್ತರಿಸಿದಳು. ತೊಟ್ಟು ಹಿಡಿದು, ಒಂದಕ್ಕೊಂದು ತಗುಲದಂತೆ ಇಟ್ಟಳು.

"ಎಲ್ಲಾರ್ಗೂ ಹಂಗೇನಾ?"

"ಎಲ್ಲರಿಗೂ."

"ಆಮೇಲೆ ಎಲ್ಲಾರ್ಗೂ ಹೇಳ್ದ್ರಾ?"

"ನಿನ್ನನ್ನು ಬಿಟ್ಟು ಎಲ್ಲರಿಗೂ ಹೇಳಿದೆ."

"ಏನ್ಕ?"

"ನೀನು ಮತ್ತೆ ಬಂದು ಎರಡನೇ ಸಲ ಮೆಷಿನ್ನಲ್ಲಿ ಮಲಗ್ತೀಯ ಅಂತ. ಮೊದಲೇ ಗೊತ್ತಾದ್ರೆ ಅದು ಕೆಡ್ತಿತ್ತು."

"ನಾನು ಬರ್ಲಿಲ್ಲ."

"ಹೌದು."

"ಬರಲ್ಲ ಅಂತ ಗೊತ್ತಾದ್ ಮೇಲೆ?"

ನಾಚಿಕೆಯಾಯಿತು ಎಂದೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕತ್ತರಿಯನ್ನು ಅಂಗಿಯ ಜೇಬಿಗೆ ಹಾಕಿ, ಮಡಚಿದ್ದ ತೋಳನ್ನು ಒಂದೊಂದೇ ಮಡಿಕೆ ಬಿಚ್ಚಿ ಮುಂಗೈವರೆಗೆ ಎಳೆದುಕೊಂಡಳು. ಆಮೇಲೆ ಕೇಳಿದಳು:

"ಹಂಗಾರೆ ಮೂರ್ ವರ್ಷ ನನ್ ಹಣ್ಣು ತಿಂದೋರ್ ಯಾರು?"

"ನಾನು."

ಕೂಗಾಡುತ್ತಾಳೆ ಎಂದು ಕಾದೆ, ಅಳುತ್ತಾಳೆ ಎಂದು ಕಾದೆ. ನನಗೆ ಗೊತ್ತಿದ್ದ ಈಶ್ವರಿ ಎರಡನ್ನೂ ಮಾಡುತ್ತಿದ್ದಳು.

"ತಿಂದೋರು ಮಾತಾಡ್ಬೇಕಲ್ಲ ಅಕ್ಕಾ" ಎಂದಳು ಮೆಲ್ಲಗೆ. "ಒಂದ್ ಫೋನು. ಹಣ್ಣು ಪುಳಿಪ್ಪು ಅಂತಾನಾ ಹೇಳ್ಬೋದಿತ್ತು."

ಅಷ್ಟೇ ಹೇಳಿ ಕ್ರೇಟನ್ನು ಸೊಂಟಕ್ಕೆ ಎತ್ತಿಕೊಂಡು ಸಾಲಿನ ಆ ಕೊನೆಗೆ ಹೋದಳು. ಚಪ್ಪರದ ನೆರಳಿನಲ್ಲಿ ಅವಳ ಬಿಳಿ ಅಂಗಿ ಸ್ವಲ್ಪ ಹೊತ್ತು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ನಾನು ಕರೆದೆ. ಎರಡು ಸಲ ಕರೆದೆ. ಬೆನ್ನಟ್ಟಿ ಹೋಗಲು ನೋಡಿದೆ, ತಂತಿ ಮತ್ತೆ ಹಣೆಗೆ ಬಡಿಯಿತು.

ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತೆ. ಅವಳು ಊಟಕ್ಕೂ ಬರಲಿಲ್ಲ. ಕೂಲಿಯವರ ಜೊತೆ ಕೆಲಸ ಮಾಡುತ್ತಿದ್ದಾಳೆ, ಬುತ್ತಿ ಅಲ್ಲಿಗೇ ಹೋಯಿತು ಎಂದು ಅವ್ವ ಹೇಳಿದರು. ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತ ಕೇಳಿದರು. ಕಂಪ್ಯೂಟರು ಎಂದರೆ ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ನಾನು ತಿಂದೆ, ಮಾತಾಡಲಿಲ್ಲ ಎಂಬುದು ಪೂರ್ತಿ ತಿಳಿಯಿತು.

"ತಪ್ಪು ತಾಯಿ" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಏನಾದರೂ ಮಾಡಿಕೊಂಡುಬಿಟ್ಟಾಳು ಅಂತ ಭಯ ಆಗ್ತಿದೆ ಅವ್ವ."

"ನಾ ಇಲ್ವಾ? ತೇನಿ ಡಾಕ್ಟರ್ ಹತ್ರ ಮಾಸಮಾಸ ಕರ್ಕೊಂಡ್ ಹೋಯ್ತೀನಿ. ಇವತ್ತು ಅವ್ಳ ಪಕ್ಕದಾಗೇ ಮಲಗ್ತೀನಿ. ನೀ ಹೋಗು." ಆಮೇಲೆ, "ಈಗ ಮಾತು ಬಿಟ್ಟಿರಾದು ಅವ್ಳು. ಕಳಿಸ್ಬೇಕಾದ್ದು ನೀನು" ಎಂದರು.

"ನನಗೆ ತೋಟ ಇಲ್ಲ ಅವ್ವ."

"ಅಂಗಡೀದು ಆಗಾದಿಲ್ಲ. ನೀ ನೀರು ಹಾಕಿ ಬೆಳ್ಸಿದ್ದಾಗ್ಬೇಕು. ಒಂದ್ ಗಿಡಾನೂ ಇಲ್ವಾ ನಿನ್ ಮನೇಲಿ?"

ನಿಂಬೆ ಗಿಡ ಒಂದಿದೆ ಎಂದೆ. ಆರು ವರ್ಷವಾದರೂ ಕಾಯಿ ಬಿಟ್ಟಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಹೊರಡುವಾಗ ಜಗಲಿಯ ತುದಿ ನೋಡಿದೆ. ನಿನ್ನೆಯ ಎರಡು ಬಿಳಿ ಬಟ್ಟೆಗಳು ಗಂಟು ಬಿಚ್ಚಿ, ಮಡಚಿ ಇಟ್ಟಿದ್ದವು. ಒಳಗಿನ ಹಣ್ಣು ಮಾರುಕಟ್ಟೆಯ ಕ್ರೇಟಿಗೆ ಸೇರಿತ್ತು.

ಮತ್ತೆ ದಿಂಡಿಗಲ್

ರೈಲಿಗೆ ಸಮಯವಿತ್ತು. ಅಂಗಡಿ ಬೀದಿಯಲ್ಲಿ ನಡೆದೆ. ಬೀಗದವನು ನನ್ನನ್ನು ಕರೆದು, ಅಂಗೈ ಅಗಲದ ಮಾವಿನಕಾಯಿ ಆಕಾರದ ಬೀಗ ತೋರಿಸಿ, ಬೀಗ ಹಾಕುವ ತನಕ ಇದರಿಂದ ಕೀಲಿ ಹೊರಗೆ ಬರುವುದೇ ಇಲ್ಲ, ಮರೆವಿನವರಿಗೆ ಒಳ್ಳೆಯದು ಎಂದು ಹೊಗಳಿದ. ನನಗೆ ಮರೆವಿನ ತೊಂದರೆ ಇಲ್ಲಪ್ಪ ಎಂದು ಕನ್ನಡದಲ್ಲೇ ಹೇಳಿದೆ. ಅವನು ಬೇಸರಿಸದೆ ಮುಂದಿನ ಗಿರಾಕಿಯನ್ನು ಕರೆದ. ಬಿರಿಯಾನಿಯ ವಾಸನೆ ಬೀದಿ ತುಂಬ ಇತ್ತು, ಹಸಿವಿರಲಿಲ್ಲ.

ರಾಜ್ಯದ ಗಡಿ ದಾಟಿದರೆ ಹೊರನಾಡು ಎನ್ನುತ್ತೇವೆ. ಹೊರನಾಡಿನಲ್ಲಿ ನಾನು ಕಲಿತದ್ದು ನಮ್ಮೂರಿನ ಯಾವ ಮನೆಯ ಜಗಲಿಯಲ್ಲೂ ಕಲಿಯಬಹುದಾದ ವಿಷಯ. ಯಾರಾದರೂ ಏನಾದರೂ ಕಳಿಸಿದರೆ, ಬಂತು ಎಂದು ಹೇಳಬೇಕು.

ಮೈಸೂರು

ಪ್ರವಾಸ ಅಲ್ಲಿಗೆ ಮುಗಿಯಬೇಕಿತ್ತು. ಆಮೇಲಿನ ಐದು ತಿಂಗಳನ್ನು ನಾನು ನಿಂಬೆ ಗಿಡದ ಹಿಂದೆ ಕಳೆದೆ. ಮೀನು ತೊಳೆದ ನೀರು ಹಾಕು ಎಂದರು ಒಬ್ಬರು, ಬುಡ ಬಿಡಿಸು ಎಂದರು ಇನ್ನೊಬ್ಬರು, ಬೈದರೆ ಕಾಯಿ ಬಿಡುತ್ತದೆ ಎಂದರು ಮನೆಗೆಲಸದವರು. ಮೂರನ್ನೂ ಮಾಡಿದೆ. ನಡುವೆ ಅವ್ವನಿಗೆ ಎರಡು ಸಲ ಫೋನ್ ಮಾಡಿದೆ. ಈಶ್ವರಿ ಉಣ್ಣುತ್ತಾಳೆ, ತೋಟಕ್ಕೆ ಹೋಗುತ್ತಾಳೆ, ತೇನಿಗೂ ಹೋಗಿಬಂದಳು ಎಂದರು. ಅವಳಿಗೆ ಕೊಡಿ ಎನ್ನಲು ನನಗೆ ಹಕ್ಕಿರಲಿಲ್ಲ. ಅವ್ವನೂ ಕೊಡುತ್ತೇನೆ ಎನ್ನಲಿಲ್ಲ.

ಐದು ಕಾಯಿ ಬಿಟ್ಟಿತು. ಒಂದನ್ನು ಅಳಿಲು ಕೆಡಿಸಿತು. ಉಳಿದ ನಾಲ್ಕು ಹಳದಿಗೆ ತಿರುಗಿದ ದಿನ ಕಿತ್ತು, ಪೆಟ್ಟಿಗೆಯಲ್ಲಿಟ್ಟು, ಸೆಂದಿಲ್‌ನನ್ನು ಕರೆದೆ. ನಾನು ಹೇಳುವ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದುಕೊಡು ಎಂದೆ. "ಈಶ್ವರಿ, ತಿಂದವಳು ನಾನು. ಮಾತಾಡದೆ ಇದ್ದವಳೂ ನಾನು. ಹಣ್ಣು ಹುಳಿ ಇರಲಿಲ್ಲ." ಬರೆದ ಮೇಲೆ ಗಟ್ಟಿಯಾಗಿ ಓದಿಸಿದೆ. ಅರ್ಧ ಅರ್ಥವಾಗದೆಯೇ ಅವನು ಓದಿದ. ಮೂರು ವರ್ಷದ ಹಿಂದೆ ಮಾಡಿಸಬೇಕಾಗಿದ್ದ ಕೆಲಸ.

ಅಂಚೆಯಲ್ಲಿ ಕಳಿಸಿದೆ. ಪೆಟ್ಟಿಗೆ ವಾಪಸು ಬರಲಿಲ್ಲ. ಹತ್ತು ದಿನದ ಮೇಲೆ ಸ್ವೀಕೃತಿಯ ಚೀಟಿ ಬಂತು, ಅದರ ಮೇಲೆ ತಮಿಳಿನಲ್ಲಿ ಒಂದು ಸಹಿ. ಓದಿ ಹೇಳು ಎಂದು ಸೆಂದಿಲ್‌ಗೆ ಕೊಟ್ಟೆ.

"ಈಶ್ವರಿ ಅಂತ ಇದೆ ಮೇಡಂ" ಎಂದ.

ಅವಳೇ ತೆಗೆದುಕೊಂಡಿದ್ದಾಳೆ. ತಿಂದಳೋ ಇಲ್ಲವೋ ಚೀಟಿಯಲ್ಲಿ ಬರೆದಿಲ್ಲ. ಫೋನನ್ನು ಈಗ ಊಟದ ಹೊತ್ತಿನಲ್ಲೂ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಗಿಡದಲ್ಲಿ ಮತ್ತೆ ಹೂವು ಬಂದಿದೆ.